ನಡುಪಟ್ಟಿಯಲ್ಲಿ ಆರು ದಿನ

ಹೊನ್ನತ್ತಿಕೊಪ್ಪ, ಮೂಡಲ ಕೇರಿ
ಫೆಬ್ರವರಿ ೩೦, ೨೨೦೩

ಹೊನ್ನತ್ತಿಕೊಪ್ಪದ ಹೊಲಗಳಲ್ಲಿ ಹೆದ್ದಾರಿಗೆಂದು ಗೂಟ ನೆಡುತ್ತಿರುವ ಅಳತೆಯವರಿಗೆ, ಮತ್ತು ಬದುವಿನ ಮೇಲೆ ನಿಂತು ಅದನ್ನು ನೋಡುತ್ತಿರುವ ಊರಿನ ಹಿರಿಯರಿಗೆ, ಕಸ್ತೂರಿ ಹಾದಿಮನಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ನೀವು ನಗಬಹುದು. ನಿಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತನೆಯ ದಿನ ಇರಲಿಲ್ಲವೆಂದು ಓದಿ ಬಲ್ಲೆ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಬಂಡಿಗಳ ಸರತಿಯನ್ನು ಹೊಂದಿಸಲು ಅನುಕೂಲವೆಂದು ದಾರಿಯವರು, ಅಂದರೆ ಹೆದ್ದಾರಿಯನ್ನು ನಡೆಸುವವರು, ಹಾಗೆ ಮಾಡಿದರು. ಉಳಿದ ದಿನಗಳನ್ನು ವರ್ಷದ ಕೊನೆಗೆ ಹೆಸರಿಲ್ಲದೆ ಸೇರಿಸಿದ್ದಾರೆ. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸೀತು. ನಿಮಗೆ ತಿಳಿಯದ ಮಾತು ಬಂದಲ್ಲಿ ಅರ್ಥ ಹೇಳುತ್ತ ಹೋಗುತ್ತೇನೆ. ತಪ್ಪಿದ್ದರೆ ಕ್ಷಮಿಸಿ. ಈ ಕಾಗದ ನಿಮ್ಮ ಕೈಗೆ ಹೇಗೆ ತಲುಪುತ್ತದೆಂದು ಮಾತ್ರ ಕೇಳಬೇಡಿ. ತಲುಪಿಸುತ್ತೇವೆಂದು ಒಪ್ಪಿಕೊಂಡವರು ಅದನ್ನು ನನಗೂ ಹೇಳಿಲ್ಲ.

ನೀವು ನೆಡುತ್ತಿರುವ ಗೂಟಗಳ ಸಾಲಿನಲ್ಲಿ ಈಗ ಹುಬ್ಬಳ್ಳಿಯಿಂದ ದಾವಣಗೆರೆಗೆ ಸುಂಕದ ದಾರಿ ಹರಿಯುತ್ತದೆ. ಹರಿಯುತ್ತದೆ ಎಂಬ ಮಾತನ್ನು ನಾವು ಬೇಕೆಂದೇ ಆಡುತ್ತೇವೆ, ಏಕೆಂದರೆ ಅದು ನಿಂತದ್ದನ್ನು ಕಂಡವರಿಲ್ಲ. ಹೋಗುವುದಕ್ಕೆ ಹನ್ನೆರಡು ಸಾಲು, ಬರುವುದಕ್ಕೆ ಹನ್ನೆರಡು. ಬಂಡಿಗಳು ತಾವೇ ಓಡುತ್ತವೆ, ಒಂದರ ಬೆನ್ನಿಗೆ ಇನ್ನೊಂದು ಮೂಗು ತಾಗಿಸಿಕೊಂಡು. ಒಳಗೆ ಕೂತವರಿಗೆ ಕಿಟಕಿಯಲ್ಲಿ ತಮಗೆ ಬೇಕಾದ ಕಾಡು, ಕಡಲು ಕಾಣಿಸುತ್ತವಂತೆ, ನಮ್ಮೂರು ಕಾಣಿಸುವುದಿಲ್ಲ. ಊರು ಎರಡಾಗಿದೆ. ಈಚೆ ಮೂಡಲ ಕೇರಿ, ಆಚೆ ಪಡುವಲ ಕೇರಿ. ನಮ್ಮ ಕಡೆಯ ಕೊನೆಯ ಮನೆಯಿಂದ ಅವರ ಕಡೆಯ ಮೊದಲ ಮನೆಗೆ ನೂರೆಂಬತ್ತು ಮೀಟರ್. ಆದರೆ ಸುತ್ತಿ ಬರಬೇಕಾದರೆ ಅರವತ್ತೆರಡು ಕಿಲೋಮೀಟರ್, ಅದೂ ವಾರಕ್ಕೆ ಎರಡೇ ಸಲ ಹೊರಡುವ ಸುತ್ತುಬಂಡಿಯಲ್ಲಿ. ಹಳ್ಳಿಯವರು ಸ್ವಂತ ಬಂಡಿ ಇಟ್ಟುಕೊಳ್ಳುವಂತಿಲ್ಲ. ಮದುವೆಯಾದ ಹುಡುಗಿ ಎದುರಿಗೇ ಕಾಣುವ ಗಂಡನ ಮನೆಗೆ ಬುತ್ತಿ ಕಟ್ಟಿಕೊಂಡು ಬೆಳಗಿನಿಂದ ಸಂಜೆಯವರೆಗೆ ಪ್ರಯಾಣ ಮಾಡುತ್ತಾಳೆ. ದಾರಿಯ ಸದ್ದಿನಿಂದಾಗಿ ನಮ್ಮ ಮಕ್ಕಳು ಹುಟ್ಟುತ್ತಲೇ ಗಟ್ಟಿ ದನಿಯವರು. ಪಟ್ಟಣಕ್ಕೆ ಹೋದರೆ ಯಾಕೆ ಜಗಳವಾಡುತ್ತೀರಿ ಎಂದು ಜನ ಕೇಳುತ್ತಾರೆ. ದಾರಿಯ ಧೂಳಿಗೆ ಹೆದರಿ ಒಗೆದ ಬಿಳಿ ಬಟ್ಟೆಯನ್ನು ಒಳಗೇ ಒಣಗಿಸುತ್ತೇವೆ. ಆಚೆಯವರೊಂದಿಗೆ ಮಾತಿಗೇನೂ ಕೊರತೆಯಿಲ್ಲ. ಕಿವಿಮಣಿ ಎಂಬುದನ್ನು ಎಲ್ಲರೂ ಧರಿಸುತ್ತೇವೆ, ಜೋಳದ ಕಾಳಿನಷ್ಟು ದೊಡ್ಡದು, ಅದರಲ್ಲಿ ಯಾರ ಜೊತೆಗೂ ಮಾತಾಡಬಹುದು. ಮುಟ್ಟುವುದಕ್ಕೆ ಮಾತ್ರ ಆಗುವುದಿಲ್ಲ.

ದಾರಿಯ ಮೇಲೆ ಬಾಗಿ ನಿಂತು ಬಂಡಿಗಳನ್ನು ಎಣಿಸುವ ಸುಂಕದ ಕಮಾನುಗಳಿವೆ, ನಾನು ಮೂಡಲ ಬದಿಯ ಕಮಾನಿನಲ್ಲಿ ತಡೆಗಾರ್ತಿ. ದಾರಿ ಮಾಡಿದಾಗ ಊರಿನವರ ಸಮಾಧಾನಕ್ಕೆಂದು ಈ ಹುದ್ದೆ ಕೊಟ್ಟರಂತೆ. ನನ್ನ ಕೋಣೆಯ ಗೋಡೆಯಲ್ಲಿ ಕೆಂಪು ಹಿಡಿಕೆಯ ತಡೆಗೋಲು ಇದೆ. ಜೀವಕ್ಕೆ ಅಪಾಯ ಬಂದಾಗ ಅದನ್ನು ಎಳೆದರೆ ಹತ್ತು ಕಿಲೋಮೀಟರ್ ದಾರಿ ನಿಲ್ಲಬೇಕು. ಹನ್ನೊಂದು ವರ್ಷ ಸೋಮವಾರಕ್ಕೊಮ್ಮೆ ಅದನ್ನು ಒರೆಸಿ, ಎಣ್ಣೆ ಹಾಕಿ, ಸರಿಯಿದೆ ಎಂದು ಬರೆದು ಸಹಿ ಮಾಡಿದ್ದೇನೆ. ಎಳೆಯುವ ಪ್ರಸಂಗ ಬಂದಿರಲಿಲ್ಲ.

ದಾರಿಗೆ ಉಸಿರು ಎಂಬುದೊಂದಿತ್ತು. ತಿಂಗಳ ಮೊದಲ ದಿನ ಬೆಳಿಗ್ಗೆ ಹತ್ತಕ್ಕೆ ಬಂಡಿಗಳ ಅಂತರ ಸರಿಪಡಿಸಲು ಮೊದಲು ನಮ್ಮ ಬದಿಯ ಸಾಲುಗಳು ನಲವತ್ತು ಸೆಕೆಂಡು ಖಾಲಿಯಾಗುತ್ತಿದ್ದವು, ಆಮೇಲೆ ಆಚೆ ಬದಿಯವು. ಆಗ ದಾಟಬಾರದೆಂದು ನಿಯಮ. ದಾಟುವವರು ದಾಟುತ್ತಿದ್ದರು, ನಾನು ಆ ಹೊತ್ತಿಗೆ ಚಹಾ ಕಾಯಿಸಲು ಒಳಗೆ ಹೋಗುತ್ತಿದ್ದೆ.

ಕಳೆದ ಅಕ್ಟೋಬರ್ ಒಂದರ ಬೆಳಿಗ್ಗೆ ಶೇಖಪ್ಪ ಬಾರ್ಕಿ ನನ್ನ ಕೋಣೆಗೆ ಬಂದರು. ಅರವತ್ತೊಂದು ವರ್ಷದ ಮನುಷ್ಯ, ಮಗ್ಗದ ಕೆಲಸದವರು, ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಚಿಕ್ಕಂದಿನಿಂದಲೂ ನಾನು ಅವರನ್ನು ಕಾಕಾ ಎಂದೇ ಕರೆಯುವುದು. ಅವರ ಅಕ್ಕ ಪಾರವ್ವ ಪಡುವಲ ಕೇರಿಗೆ ಕೊಟ್ಟ ಹೆಣ್ಣು. ಆಕೆಗೆ ನಾಲ್ಕು ದಿನದಿಂದ ಉಸಿರಾಟ ಕಷ್ಟವಾಗಿದೆ, ಆಸ್ಪತ್ರೆಗೆ ಒಲ್ಲೆ ಅಂತಾಳೆ, ನನ್ನನ್ನು ಕೇಳುತ್ತಾಳೆ ಎಂದರು. ಸುತ್ತುಬಂಡಿ ಹಿಂದಿನ ದಿನವೇ ಹೋಗಿಬಿಟ್ಟಿತ್ತು, ಮುಂದಿನದಕ್ಕೆ ಮೂರು ದಿನ ಕಾಯಬೇಕಿತ್ತು. ಕೈಯಲ್ಲಿ ಒಂದು ಬುತ್ತಿಗಂಟು. ಅಕ್ಕನಿಗೆ ಶೇಂಗಾ ಹೋಳಿಗೆ ಇಷ್ಟವೆಂದು ಬೆಳಗಾಗುತ್ತಲೇ ತಾವೇ ಮಾಡಿಕೊಂಡು ತಂದಿದ್ದರು. ಬಾಗಿಲಲ್ಲೇ ನಿಂತು ಒಂದೇ ಮಾತು ಕೇಳಿದರು.

"ಉಸಿರು ಎರಡೂ ಬದಿಗೆ ಆಗ್ತದಲ್ಲವ್ವಾ?"

"ಆಗ್ತದ ಕಾಕಾ," ಅಂದೆ.

ಹನ್ನೊಂದು ವರ್ಷ ನೋಡಿದ್ದೆ, ಒಮ್ಮೆಯೂ ತಪ್ಪಿರಲಿಲ್ಲ. ಆ ಧೈರ್ಯದಲ್ಲಿ ಅಂದೆ.

ಹತ್ತಕ್ಕೆ ಸರಿಯಾಗಿ ನಮ್ಮ ಬದಿ ಖಾಲಿಯಾಯಿತು. ಕಾಕಾ ಒಂದು ಮೊಣಕಾಲು ಎಳೆಯುತ್ತ, ಗಂಟನ್ನು ಎದೆಗೆ ಒತ್ತಿಕೊಂಡು, ಹನ್ನೆರಡು ಸಾಲು ದಾಟಿ ನಡುಪಟ್ಟಿಗೆ ಹತ್ತಿದರು. ನಡುಪಟ್ಟಿಯೆಂದರೆ ಎರಡು ದಾರಿಗಳ ಮಧ್ಯೆ ಬಿಟ್ಟಿರುವ, ಕಣಗಿಲೆ ಗಿಡ ನೆಟ್ಟಿರುವ ಮಣ್ಣು, ಅಗಲ ಎರಡು ಮೀಟರ್. ಅವರು ಅಲ್ಲಿ ನಿಂತು ಆಚೆಯ ಸಾಲುಗಳನ್ನು ನೋಡಿದರು. ಅವರ ಹಿಂದೆ ನಮ್ಮ ಬದಿ ಮತ್ತೆ ತುಂಬಿಕೊಂಡಿತು. ಮುಂದಿನ ಬದಿ ಖಾಲಿಯಾಗಲೇ ಇಲ್ಲ. ನಾನು ಎಣಿಸುತ್ತ ನಿಂತೆ. ನೂರು ಎಣಿಸಿದೆ, ಐನೂರು ಎಣಿಸಿದೆ. ಹತ್ತು ನಲವತ್ತಕ್ಕೆ ನನ್ನ ಕಿವಿಮಣಿಗೆ ಸೂಚನೆ ಬಂತು: ಹುಬ್ಬಳ್ಳಿಯತ್ತ ಹೋಗುವ ಬಂಡಿಗಳು ಹೆಚ್ಚಿರುವುದರಿಂದ ಆ ಬದಿಯ ಉಸಿರನ್ನು ಈ ದಿನದಿಂದ ಕೈಬಿಡಲಾಗಿದೆ.

ನಾನು ತಡೆಗೋಲು ಎಳೆದೆ. ಅದು ಬೆಣ್ಣೆಯಂತೆ ಕೆಳಗಿಳಿಯಿತು. ಬಾಗಿಲಿಗೆ ಓಡಿ ಬಂದು ನೋಡಿದರೆ ದಾರಿ ಹರಿಯುತ್ತಲೇ ಇತ್ತು. ಮತ್ತೆ ಮೇಲೆತ್ತಿ ಮತ್ತೆ ಎಳೆದೆ. ಎಷ್ಟು ಸಲ ಎಳೆದೆನೋ ನೆನಪಿಲ್ಲ, ಅಂಗೈ ಸುಲಿದಿತ್ತು. ಕೊನೆಗೆ ಗೋಡೆಯ ಹಲಗೆ ಬಿಚ್ಚಿದೆ. ಹಿಂದೆ ತಂತಿಯಿರಲಿಲ್ಲ. ಇಟ್ಟಿಗೆಯ ಸಂದು, ಅದರಲ್ಲಿ ಒಂದು ಹಲ್ಲಿ. ತಂತಿಯನ್ನು ಆಮೇಲೆ ಕಿತ್ತರೋ, ಮೊದಲಿನಿಂದಲೇ ಎಳೆದಿರಲಿಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ.

ಸಂಜೆಯೊಳಗೆ ಎರಡೂ ಕೇರಿಯ ಜನ ಬೇಲಿಗೆ ಬಂದು ನಿಂತರು. ಎಲ್ಲರೂ ಕಾಕಾನ ಜೊತೆ ಮಾತಾಡಿದರು. ಮಾತು ಬಿಟ್ಟು ಕೊಡುವುದಕ್ಕೆ ನಮ್ಮಲ್ಲಿ ಬೇರೇನೂ ಇರಲಿಲ್ಲ. ರೊಟ್ಟಿ ಕಟ್ಟಿ ಎಸೆದರೆ ಮೂರನೆಯ ಸಾಲಿಗೇ ಬಂಡಿಗಳ ಗಾಳಿ ಎಳೆದೊಯ್ಯುತ್ತಿತ್ತು. ದಾರಿಯ ಮೇಲೆ ಏನನ್ನೂ ಹಾರಿಸುವಂತಿಲ್ಲ, ಹಾರಿಸಿದರೆ ಕಮಾನುಗಳೇ ಅದನ್ನು ಕೆಡವುತ್ತವೆ. ಗಿಡಗಳಿಗೆ ನೀರು ತೊಟ್ಟಿಕ್ಕುವ ಕೊಳವೆ ಇತ್ತು, ಅದರಿಂದ ಬೊಗಸೆ ಹಿಡಿದು ಕುಡಿದರು. ಕಣಗಿಲೆ ವಿಷ, ಎಲೆ ಬಾಯಿಗೆ ಹಾಕಬೇಡಿ ಎಂದು ಹತ್ತಾರು ಜನ ಹತ್ತಾರು ಸಲ ಹೇಳಿದರು. ಅದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಹೇಳುವುದರಿಂದ ನಮಗೇ ಸ್ವಲ್ಪ ಹಗುರವಾಗುತ್ತಿತ್ತು, ಅಷ್ಟೇ.

ಎರಡನೆಯ ದಿನ ಬೆಳಿಗ್ಗೆ ಪಾರವ್ವನನ್ನು ಮಂಚದ ಸಮೇತ ಎತ್ತಿಕೊಂಡು ಬಂದು ಆಚೆಯ ಬೇಲಿಯ ಹತ್ತಿರ ಇಳಿಸಿದರು. ಯಾರೋ ಕೊಡೆ ಹಿಡಿದರು. ಅಕ್ಕ ತಮ್ಮಂದಿರ ನಡುವೆ ಆಗ ಹನ್ನೆರಡೇ ಸಾಲು ಉಳಿದಿತ್ತು. ಕಾಕಾನ ಮೊಣಕಾಲು ಕೆಟ್ಟಾಗಿನಿಂದ, ಅಂದರೆ ಆರು ವರ್ಷದಿಂದ, ಅವರು ಅಷ್ಟು ಹತ್ತಿರ ಬಂದಿರಲಿಲ್ಲವಂತೆ. ಕಾಕಾ ಗಂಟು ಎತ್ತಿ ತೋರಿಸಿದರು. ಬಂಡಿಗಳ ಸಂದಿನಲ್ಲಿ ಆಕೆಗೆ ಎಷ್ಟು ಕಂಡಿತೋ. ಆ ಹೊತ್ತಿಗೆ ಎಲ್ಲರ ಕಿವಿಮಣಿಯೂ ಒಂದಕ್ಕೊಂದು ಸೇರಿಕೊಂಡಿದ್ದರಿಂದ ಆಕೆ ಆಡಿದ್ದು ನಮಗೂ ಕೇಳಿಸಿತು. ಒಂದೊಂದು ಮಾತಿಗೂ ನಿಂತು ಉಸಿರೆಳೆದುಕೊಳ್ಳುತ್ತಿದ್ದಳು.

"ನಂಗ ತಂದಿದ್ದು ನೀನ ತಿನ್ನೋ ತಮ್ಮಾ. ನಾ ನೋಡಕೋತ ಮಲಗತೀನಿ."

ಕಾಕಾ ಮೊದಲು ಒಪ್ಪಲಿಲ್ಲ, ದಾಟಿ ಬಂದು ನಿನ್ನ ಕೈಗೇ ಕೊಡುತ್ತೇನೆ ಎಂದರು. ಆಕೆ ಅವರತ್ತಲೇ ನೋಡುತ್ತ ಕಾದಳು. ಮಧ್ಯಾಹ್ನ ಅವರು ಗಿಡದ ನೆರಳಲ್ಲಿ ಕೂತು ಒಂದು ಹೋಳಿಗೆ ಮುರಿದು ತಿಂದರು, ಆಕೆಗೆ ಕಾಣಲೆಂದು ಮುಖ ಅತ್ತ ಮಾಡಿಕೊಂಡು.

ನಾನು ದಾರಿಯವರಿಗೆ ಕೋರಿಕೆ ಬರೆಯುತ್ತಲೇ ಇದ್ದೆ. ಒಂಬತ್ತು ಸಲ ಬರೆದೆ. ಒಂಬತ್ತು ಸಲವೂ ತಮ್ಮ ಕೋರಿಕೆ ಸ್ವೀಕೃತವಾಗಿದೆ, ಪರಿಶೀಲನೆಯಲ್ಲಿದೆ ಎಂದು ಮರುಕ್ಷಣವೇ ಉತ್ತರ ಬಂತು. ನಾಲ್ಕನೆಯ ದಿನ ಮಾತ್ರ ದಾವಣಗೆರೆಯಿಂದ ಒಬ್ಬ ಮನುಷ್ಯನ ದನಿ ಕೇಳಿಸಿತು. ಹೆಸರು ಹೇಳಲಿಲ್ಲ. ಮೆತ್ತಗಿನ ದನಿ, ವಯಸ್ಸಾದವರಿರಬೇಕು. ನನ್ನ ಕೋರಿಕೆಗಳನ್ನೆಲ್ಲ ಓದಿರುವುದಾಗಿ ಹೇಳಿದರು. ದಾರಿಯನ್ನು ನಿಲ್ಲಿಸುವವರು ಯಾರು ಎಂದು ಕೇಳಿದೆ. ಇಪ್ಪತ್ತಾರು ವರ್ಷದಿಂದ ಇಲ್ಲಿದ್ದೇನೆ, ಅದು ನನಗೂ ತಿಳಿದಿಲ್ಲ, ತಾವು ಬರೆದದ್ದನ್ನು ನಾನೂ ಮೇಲಕ್ಕೆ ಕಳಿಸುತ್ತೇನೆ, ಮೇಲೆ ಯಾರು ಓದುತ್ತಾರೋ ಗೊತ್ತಿಲ್ಲ ಎಂದರು. ಬಯ್ಯಬೇಕೆಂದು ಎಷ್ಟೋ ಮಾತು ಕೂಡಿಟ್ಟುಕೊಂಡಿದ್ದೆ. ಬಯ್ಯಲು ಆ ಕಡೆ ಯಾರೂ ಇರಲಿಲ್ಲ.

ಆ ದಿನವೇ ಮಧ್ಯಾಹ್ನ ಪಾರವ್ವ ತೀರಿಕೊಂಡಳು. ಮಂಚ ಬೇಲಿಯ ಹತ್ತಿರವೇ ಇತ್ತು. ಹೆಂಗಸರು ಕಿವಿಮಣಿ ತೆಗೆದಿಟ್ಟು ಅತ್ತದ್ದು ದಾರಿಯ ಸದ್ದಿನಲ್ಲಿ ನಮಗೆ ಕೇಳಿಸಲಿಲ್ಲ, ಅವರ ಕೈಗಳು ಮೇಲೇಳುವುದು ಮಾತ್ರ ಕಾಣುತ್ತಿತ್ತು. ಕಾಕಾನೂ ತಮ್ಮ ಕಿವಿಮಣಿ ತೆಗೆದು ಜೇಬಿಗೆ ಹಾಕಿಕೊಂಡರು.

ಮರುದಿನ ಮಣ್ಣಿಗೆ ಒಯ್ಯುವಾಗ ಪಡುವಲ ಕೇರಿಯವರು ಎಂದಿನ ಓಣಿ ಬಿಟ್ಟು ಬೇಲಿಗುಂಟ ನಡೆದರು. ಯಾರು ಹಾಗೆ ಹೇಳಿದರೋ ತಿಳಿಯದು. ನಡುಪಟ್ಟಿಯಲ್ಲಿ ಕಾಕಾ ಎದ್ದು, ಕಣಗಿಲೆಯ ಕೊಂಬೆ ಸರಿಸುತ್ತ, ಅವರ ಸಮಕ್ಕೆ ನಡೆದರು. ಹೊತ್ತವರು ಹೆಗಲು ಬದಲಿಸಲು ನಿಂತರೆ ಇವರೂ ನಿಲ್ಲುತ್ತಿದ್ದರು. ಈಚೆಯಿಂದ ನಾನು ಕೂಡ ಬೇಲಿ ಹಿಡಿದು ನಡೆದೆ. ಅರ್ಧ ಕಿಲೋಮೀಟರಿನ ಮೇಲೆ ಹಳ್ಳದ ಸೇತುವೆಯಲ್ಲಿ ನಡುಪಟ್ಟಿ ಮುಗಿದು ಬರೀ ಗೇಣಗಲದ ಗೋಡೆಯಾಗುತ್ತದೆ. ಅಲ್ಲಿ ಕಾಕಾ ನಿಂತರು. ಹೊತ್ತವರು ಮುಂದಕ್ಕೆ ಹೋದರು. ಕಾಕಾ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಆ ದಿಕ್ಕಿಗೆ ಹಾಕಿದರು. ಗಾಳಿ ಅದನ್ನು ತಂದು ಅವರ ಮೈಮೇಲೇ ಚೆಲ್ಲಿತು. ಮತ್ತೊಂದು ಹಿಡಿ ಹಾಕಿದರು. ಆಮೇಲೆ ಕೂತುಬಿಟ್ಟರು.

ಆರನೆಯ ದಿನ ಗುಡಿಸುಯಂತ್ರ ಬಂತು. ಗಿಡ ಕತ್ತರಿಸಿ ಕಸ ಎತ್ತಲು ಎರಡು ತಿಂಗಳಿಗೊಮ್ಮೆ ಬರುವಂಥದ್ದು. ಅದಕ್ಕೆ ಮನುಷ್ಯ ಯಾರು, ಕಸ ಯಾವುದು ತಿಳಿಯುವುದಿಲ್ಲ. ಕಾಕಾನನ್ನು ಮೆಲ್ಲಗೆ ಎತ್ತಿ, ಹರಿದ ಟೈರು, ಸತ್ತ ಹಕ್ಕಿಗಳ ಜೊತೆ ಹೊಟ್ಟೆಯೊಳಗೆ ಇಟ್ಟುಕೊಂಡು ಹೋಯಿತು. ಮೂಡಲ ಕೇರಿಯಲ್ಲಿ ಕೆಲವರು ಚಪ್ಪಾಳೆ ತಟ್ಟಿದರು, ತಟ್ಟಿದ್ದಕ್ಕೆ ನಾಚಿ ಕೈ ಇಳಿಸಿದರು. ದಾವಣಗೆರೆಯ ಶೆಡ್ಡಿನಲ್ಲಿ ಕಾವಲಿನವರು ಅವರನ್ನು ಇಳಿಸಿ, ಊಟ ಹಾಕಿ ಕಳಿಸಿದರಂತೆ. ಅಲ್ಲಿಂದ ಸುತ್ತುಬಂಡಿಗಳನ್ನು ಕಾದು ಹಿಡಿದು, ಹೊರಟ ಐದನೆಯ ದಿನಕ್ಕೆ ಅವರು ಪಡುವಲ ಕೇರಿ ಮುಟ್ಟಿದರು. ಅಕ್ಕನ ಮನೆಯ ಬಾಗಿಲು ತೆರೆದೇ ಇತ್ತು.

ಅವರು ಈಚೆಗೆ ಮರಳಿ ಬರಲಿಲ್ಲ. ಅಲ್ಲೇ ಇದ್ದಾರೆ. ಬೆಳಿಗ್ಗೆ ಅಂಗಳ ಗುಡಿಸುವುದು ನನ್ನ ಕೋಣೆಗೆ ಕಾಣುತ್ತದೆ. ಬಹಳ ದಿನ ನಾನು ಮಾತಾಡಿಸಲಿಲ್ಲ, ಆಡುವ ಮುಖವಿರಲಿಲ್ಲ. ಕೊನೆಗೆ ಅವರೇ ಕಿವಿಮಣಿಯಲ್ಲಿ ಕರೆದರು. ನಾನು ಅಳುತ್ತಿರುವುದು ತಿಳಿದು ಹೇಳಿದರು:

"ಗೊತ್ತಿದ್ದರ ನೀ ಹೇಳತಿದ್ದಿ, ಕಸ್ತೂರಿ. ನಂಗ ಗೊತ್ತೈತಿ."

ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ನಮ್ಮ ಬದಿಯ ಉಸಿರನ್ನೂ ತೆಗೆದರು. ಸುರಕ್ಷತೆಗಾಗಿ ಎಂದು ಕಾರಣ ಕೊಟ್ಟರು. ಶೇಖಪ್ಪ ಕಾಕಾನ ಹೆಸರು ಆ ಸೂಚನೆಯಲ್ಲಿ ಇರಲಿಲ್ಲ. ನಾನು ಈಗಲೂ ಸೋಮವಾರ ಆ ಹಿಡಿಕೆ ಒರೆಸಿ ಸಹಿ ಮಾಡುತ್ತೇನೆ. ಸರಿಯಿಲ್ಲ ಎಂದು ಎರಡು ಸಲ ಬರೆದೆ, ಅದೂ ಸ್ವೀಕೃತವಾಯಿತು. ಕೆಲಸ ಬಿಟ್ಟರೆ ಈ ಕೋಣೆಗೆ ಬೀಗ ಬೀಳುತ್ತದೆ, ಆಮೇಲೆ ನಡುಪಟ್ಟಿಯಲ್ಲಿ ಯಾರು ಸಿಕ್ಕಿಕೊಂಡರೂ ನೋಡುವವರೇ ಇರುವುದಿಲ್ಲ. ಹಾಗೆಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಅಳತೆಯ ಅಣ್ಣಂದಿರೇ, ದಾರಿ ಮಾಡಬೇಡಿ ಎಂದು ನಾನು ಕೇಳುತ್ತಿಲ್ಲ. ಅದು ಆಗಿಬಿಟ್ಟಿದೆ, ನಾನು ಅದರ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ಈ ಊರಿನ ನಡುವೆ, ದಾರಿಯ ಅಡಿಯಲ್ಲಿ, ಒಬ್ಬ ಮನುಷ್ಯ ತಲೆ ಬಗ್ಗಿಸಿ ನಡೆದುಹೋಗುವಷ್ಟು ಒಂದು ಕಿಂಡಿ ಬಿಡಿಸಿ. ನಿಮ್ಮ ಮೇಲೆಯೂ ಮೇಲಿನವರಿದ್ದಾರೆ, ನೀವು ಬರೆದದ್ದೂ ಸ್ವೀಕೃತವಾಗಿ ಎಲ್ಲೋ ಉಳಿದೀತು, ಬಲ್ಲೆ. ಆದರೂ ಒಮ್ಮೆ ಬರೆಯಿರಿ. ಊರಿನವರೇ, ನಿಮಗೆ ಹೇಳುವುದು ಇಷ್ಟೇ. ನಿಮ್ಮಲ್ಲಿ ಇವತ್ತು ಯಾರಾದರೂ ಸಾರು ಮಾಡಿದ್ದರೆ, ಒಂದು ಬಟ್ಟಲಿಗೆ ಹಾಕಿ, ಮೇಲೆ ತಟ್ಟೆ ಮುಚ್ಚಿ, ಆ ಗೂಟಗಳನ್ನು ದಾಟಿಕೊಂಡು ಆಚೆ ಮನೆಗೆ ಕೊಟ್ಟು ಬನ್ನಿ. ಅದು ಆರುವುದರೊಳಗೆ ಮುಟ್ಟುತ್ತದೆ.

ಇಂತು,
ಕಸ್ತೂರಿ ಹಾದಿಮನಿ