ಒಳಬಾಗಿದ ಅಂಚು

ಮಾರ್ಚ್ 4, ಬೆಳಿಗ್ಗೆ

ಶೆಡ್ಡಿನಲ್ಲಿ ಮರ ಕಡೆಯುವ ಲೇತ್‌ನ ಬೆಲ್ಟ್ ಮತ್ತೆ ಸಡಿಲ. ಬಿಗಿ ಮಾಡಿದೆ. ಸಣ್ಣ ಬಟ್ಟಲೊಂದು ಮುಗಿಯಿತು, ಮೈತುಂಬ ಹೊಟ್ಟು. ಅಡುಗೆಮನೆಗೆ ಕಾಲಿಟ್ಟೊಡನೆ ಅತ್ತೆಯ ಕೋಣೆಯಿಂದ ದನಿ: "ಮರ ಬಂತು, ಸೊಸೆ ಎಲ್ಲಿ?"

ಪಾರ್ಶ್ವವಾಯು ಅವರ ಬಲಗೈ ಕಸಿಯಿತು, ನಾಲಿಗೆಯ ತಂಟೆಗೆ ಹೋಗಲಿಲ್ಲ. ಪುಣ್ಯ.

ಊಟ ಮಾತ್ರ ಕೋಣೆಯಲ್ಲೇ, ಬಾಗಿಲು ಹಾಕಿಕೊಂಡು. ಇವರು ತಿನ್ನಿಸಲು ಹೋದರೆ ಬಾಯಿ ಬಿಗಿ. "ಮಗನ ಕೈಯಲ್ಲಿ ತುತ್ತು ತಿನ್ನೋಕೆ ನಾನೇನು ಎಳೇ ಮಗುನಾ?"

ಮಾರ್ಚ್ 6

ಅತ್ತೆಯ ತೂಕ ನೋಡಿ ಡಾಕ್ಟರ್ ಮುಖ ಸಣ್ಣದಾಯಿತು. ಹೀಗೇ ಇಳಿದರೆ ಮೂಗಿಗೆ ಟ್ಯೂಬ್ ಹಾಕಬೇಕಂತೆ. ದಾರಿಯುದ್ದಕ್ಕೂ ಅತ್ತೆ ಒಬ್ಬರನ್ನೂ ಬೈಯಲಿಲ್ಲ. ಅದೇ ಹೆಚ್ಚು ಹೆದರಿಸಿತು.

ಮಧ್ಯಾಹ್ನ ನೀರು ಕೊಡಲು ಹೋದೆ. ಬಾಗಿಲು ಸ್ವಲ್ಪ ತೆರೆದಿತ್ತು. ಎಡಗೈಯಲ್ಲಿ ಚಮಚ. ತಟ್ಟೆ ಜಾರುತ್ತದೆ, ಅನ್ನ ಅಂಚು ದಾಟಿ ಮಡಿಲಿಗೆ. ಬಿದ್ದ ಅಗುಳುಗಳನ್ನು ಹೆಕ್ಕಿ, ಕಾಗದದಲ್ಲಿ ಸುತ್ತಿ, ದಿಂಬಿನ ಕೆಳಗೆ ಬಚ್ಚಿಡುತ್ತಿದ್ದರು. ನಮ್ಮ ಕಣ್ಣಿಗೆ ಬೀಳಬಾರದೆಂದು.

ಸದ್ದಿಲ್ಲದೆ ಹಿಂದಿರುಗಿದೆ. ಬಟ್ಟಲು ಮಾಡುವವಳ ಮನೆಯಲ್ಲಿ ಹೀಗೆ!

ಮಾರ್ಚ್ 7

ಅತ್ತೆಯ ಬಟ್ಟಲಿಗೆ ಅಡಿ ಭಾರ ಬೇಕು, ಜಾರದಂತೆ. ಅಂಚು ಒಳಕ್ಕೆ ಬಾಗಿರಬೇಕು — ತಳ್ಳಿದ ಅನ್ನ ಹೊರಗೆ ಹಾರದೆ ತಿರುಗಿ ಚಮಚಕ್ಕೇ ಬೀಳುವಂತೆ. ಪಕ್ಕದ ಮನೆಯವರು ಕಡಿಸಿದ ಹಿಪ್ಪುನೇರಳೆಯ ತುಂಡು ಲೇತ್‌ಗೆ ಏರಿಸಿದೆ. ಹಸಿ ಮರ. ಉಳಿ ಇಟ್ಟರೆ ಬೆಣ್ಣೆ.

ಮಾರ್ಚ್ 15

ಬಿರುಕು. ಅಂಚಿನಿಂದ ಅಡಿಯವರೆಗೆ. ಹಸಿ ಮರ ಒಣಗುತ್ತಾ ಸೀಳುತ್ತದೆಂದು ಗೊತ್ತಿಲ್ಲದವಳೇ ನಾನು? ಆತುರಗಾರನಿಗೆ ಬುದ್ಧಿ ಮಟ್ಟ.

ಅಟ್ಟದ ಮೇಲಿನ ಒಣ ತುಂಡು ಇಳಿಸಲು ಏಣಿ ಹಾಕಿದೆ. ಇವರು ಬಂದರು. "ಅದು ಕರಕುಶಲ ಪ್ರದರ್ಶನಕ್ಕೆ ಅಂತ ಇಟ್ಟಿದ್ದಲ್ವಾ? ಇಷ್ಟು ವರ್ಷದಿಂದ?"

"ಪ್ರದರ್ಶನ ಎಲ್ಲಿಗೂ ಓಡಿಹೋಗಲ್ಲ."

ಇವರು ತುಂಡಿನ ಇನ್ನೊಂದು ತುದಿ ಹಿಡಿದರು.

ಮಾರ್ಚ್ 19

ಗೋಡೆ ಹಿಡಿದು ಹಿಡಿದು ಅತ್ತೆ ಶೆಡ್ಡಿಗೇ ಬಂದುಬಿಟ್ಟರು! ಸ್ಟೂಲು ಕೊಟ್ಟೆ.

"ಹೊಸ ನಮೂನೆ ಅತ್ತೆ. ಪರೀಕ್ಷೆ ಮಾಡೋರು ಬೇಕಿತ್ತು..."

"ಸುಳ್ಳು ಹೇಳೋಕೂ ಬರಲ್ಲ ನಿಂಗೆ. ಅವತ್ತು ನೀನು ಬಾಗಿಲ ಹತ್ರ ನಿಂತಿದ್ದೆ. ಹೊಟ್ಟಿನ ವಾಸನೆ ಬಂತು ಕಣೇ."

ಬಟ್ಟಲು ಅವರ ಮಡಿಲಿಗಿಟ್ಟೆ. ಅವರು ಬಟ್ಟಲನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಎಡಗೈ ಹೆಬ್ಬೆರಳಿಂದ ಅಂಚು ಸವರಿದರು. "ಇಲ್ಲಿ ಚುಚ್ಚುತ್ತೆ. ಸ್ಯಾಂಡ್‌ಪೇಪರ್ ಕೊಡು."

ಅವರೇ ಉಜ್ಜಿದರು. ನನಗಿಂತ ನಿಧಾನ. ನನಗಿಂತ ನುಣುಪು.

ಮಾರ್ಚ್ 22

ಬಟ್ಟಲಿಗೆ ಅಗಸೆ ಎಣ್ಣೆಯ ಕೊನೆಯ ಪದರ. ಒಣಗಲು ವಾರ ಬೇಕು ಎಂದೆ.

"ನಾನು ಒಣಗೋ ಮೊದಲು ಅದು ಒಣಗುತ್ತಾ?"

ಅಲ್ಲಿಯವರೆಗೆ ಲೋಟದಲ್ಲಿ ಗಂಜಿ. ಬೈದುಕೊಂಡೇ ಕುಡಿಯುತ್ತಾರೆ. ಕುಡಿಯುತ್ತಾರಲ್ಲ, ಸಾಕು.

ಮಾರ್ಚ್ 30

ಇವತ್ತು ಊಟದ ಮೇಜಿಗೆ ಬಂದರು. ಬಟ್ಟಲು ಕದಲಲಿಲ್ಲ. ಚಮಚ ಒತ್ತಿದರು, ಅನ್ನ ಅಂಚಿನವರೆಗೆ ಹತ್ತಿ ಚಮಚಕ್ಕೇ ಮಗುಚಿತು. ಬಾಯಿಗೆ ಹೋಯಿತು. ಇನ್ನೊಂದು. ಇನ್ನೊಂದು. ಇವರು ತುತ್ತು ಕೈಯಲ್ಲೇ ಹಿಡಿದು ಅಮ್ಮನನ್ನೇ ನೋಡುತ್ತಿದ್ದರು.

"ನನ್ನ ಮುಖದಲ್ಲೇನು ಸಿನಿಮಾ ಓಡ್ತಿದೆಯಾ? ನಿನ್ನ ತಟ್ಟೆ ನೋಡ್ಕೊಂಡು ತಿನ್ನು."

ಇವರು ಕೈತೊಳೆಯುವ ನೆಪದಲ್ಲಿ ಎದ್ದುಹೋದರು. ನಲ್ಲಿ ಬಹಳ ಹೊತ್ತು ಹರಿಯಿತು.

ಏಪ್ರಿಲ್ 21

ತೂಕ ಏರಿದೆ. ಡಾಕ್ಟರ್ ಟ್ಯೂಬಿನ ಮಾತೆತ್ತಲಿಲ್ಲ. ಫಿಸಿಯೋಥೆರಪಿಗೆ ಬರುವ ಇನ್ನೊಬ್ಬಾಕೆಗೆ ಇಂಥದೇ ಬಟ್ಟಲು ಕೊಡುವುದಾಗಿ ಅತ್ತೆ ಆಗಲೇ ಮಾತು ಕೊಟ್ಟು ಬಂದಿದ್ದಾರೆ. "ಪಾಪ, ಅವಳೂ ಬಾಗಿಲು ಹಾಕ್ಕೊಂಡೇ ತಿನ್ನೋದಂತೆ. ನೀನು ಕೊರೆದುಕೊಡು, ನುಣುಪು ಮಾಡೋದು ನನಗೆ ಬಿಡು. ನಿನ್ನ ಕೈ ಒರಟು."

ಸರಿ, ನನ್ನ ಕೈ ಒರಟು. ಇದನ್ನು ಬರೆಯುತ್ತಿರುವಾಗಲೇ ಶೆಡ್ಡಿನಿಂದ ಕೂಗು — ಮರ ಎಲ್ಲಿ, ಬೆಳಕು ಹೋಗ್ತಿದೆ, ಸೊಸೆ ಅನ್ನೋಳು ಎಲ್ಲಿ ಸತ್ಲೋ... ಬಂದೆ ಅತ್ತೆ, ಬಂ—