ಈ ಸಲ ಊರಿಗೆ ಬರಬೇಡಿ

ಮಡಂತ್ಯಾರು
೧೨ ನವೆಂಬರ್ ೨೦೨೪, ಮಂಗಳವಾರ

ಅಕ್ಷಿತಾಳ ಅಪ್ಪನಿಗೆ,

ಮದುವೆಯಾದ ಮೇಲೆ ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ಮೊಬೈಲ್ ಇರುವಾಗ ಇವಳಿಗೆ ಇದೇನು ಹೊಸ ಹುಚ್ಚು ಎಂದು ನೀವು ನಗುವುದು ಇಲ್ಲಿಗೇ ಕೇಳುತ್ತದೆ. ಫೋನಿನಲ್ಲಿ ನಾಲ್ಕು ಮಾತು ಆಡುವಷ್ಟರಲ್ಲಿ ನನಗೆ ಕೆಮ್ಮು ಬರುತ್ತದೆ. ಕೆಮ್ಮು ಕೇಳಿದ ಕೂಡಲೇ ನೀವು ಜೀರಿಗೆ ಕಷಾಯದ ಉಪದೇಶ ಶುರು ಮಾಡುತ್ತೀರಿ, ನಾನು ಸಿಟ್ಟು ಬಂದವಳ ಹಾಗೆ ಕಟ್ ಮಾಡುತ್ತೇನೆ. ಆ ಸಿಟ್ಟು ಸುಳ್ಳು. ನಿಮ್ಮ ದೋಸ್ತಿ ಇದಿನಬ್ಬರು ರಜೆ ಮುಗಿಸಿ ಮುಂದಿನ ವಾರ ನಿಮ್ಮ ಸೌದಿಗೆ, ದಮ್ಮಾಮಿಗೆ ಹೊರಡುತ್ತಾರಂತೆ. ಇದನ್ನು ಅವರ ಕೈಯಲ್ಲಿ ಕಳಿಸುತ್ತೇನೆ. ರೂಮಿನವರ ಎದುರು ಓದಬೇಡಿ.

ಈ ಡಿಸೆಂಬರಿಗೆ ನೀವು ಬರುವುದು ಬೇಡ ಎನ್ನಲು ನಾನು ಕೊಟ್ಟ ಕಾರಣಗಳೆಲ್ಲ ಹಸಿ ಸುಳ್ಳು. ಮನೆಗೆ ಪೈಂಟಿನವರು ಬರುವುದೂ ಇಲ್ಲ, ನಾನು ಅಕ್ಕನ ಜೊತೆ ತಿರುಪತಿಗೆ ಹೋಗುವುದೂ ಇಲ್ಲ. ಹೋದ ವಾರ ನೀವು ಕೇಳಿದಿರಿ, "ನಾನು ಬರುವುದೇ ನಿನಗೆ ಬೇಡವಾ ಶಶಿ?" ಎಂದು. ಬೇಡ ಎಂದೆ. ಫೋನಿಟ್ಟ ಮೇಲೆ ಅತ್ತದ್ದಕ್ಕೆ ಲೆಕ್ಕವಿಲ್ಲ.

ನನಗೆ ಟಿ.ಬಿ. ಆಗಿದೆ.

ಬೆಳ್ತಂಗಡಿಯ ಸರಕಾರಿ ಆಸ್ಪತ್ರೆಯಲ್ಲಿ ಮಳೆಗಾಲದಲ್ಲೇ ಗೊತ್ತಾಯಿತು. ಸಾಮಾನ್ಯದ್ದಾಗಿದ್ದರೆ ಇಷ್ಟರಲ್ಲಿ ಹದಕ್ಕೆ ಬರುತ್ತಿತ್ತು. ನನ್ನದು ಮಾಮೂಲಿ ಮಾತ್ರೆಗಳಿಗೆ ಬಗ್ಗದ ಜಾತಿಯದ್ದಂತೆ. ಯಾರ ಎದೆಯಲ್ಲೋ ಅರ್ಧಂಬರ್ಧ ಮದ್ದು ತಿಂದು ಗಟ್ಟಿಯಾದ ರೋಗಾಣು, ಗಾಳಿಯಲ್ಲಿ ಬಂದು ನನ್ನ ಎದೆಯಲ್ಲಿ ಕೂತಿದೆ. ಯಾರಿಂದ ಬಂತು ಎಂದು ಡಾಕ್ಟರನ್ನು ಕೇಳಿದೆ. ಬಸ್ಸಿನಲ್ಲಿರಬಹುದು, ಮದುವೆ ಮಂಟಪದಲ್ಲಿರಬಹುದು, ಎಷ್ಟೋ ವರ್ಷದ ಹಿಂದೆಯೇ ಬಂದು ಮಲಗಿದ್ದು ಈಗ ಎದ್ದಿರಲೂಬಹುದು, ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ ಎಂದರು. ತಪ್ಪಾದರೂ ಇದ್ದಿದ್ದರೆ ಚೆನ್ನಾಗಿತ್ತು, ತಿದ್ದಿಕೊಳ್ಳುತ್ತಿದ್ದೆ.

ಬ್ಲೌಸಿನ ಅಳತೆ ತೆಗೆಯುವಾಗ ಎಷ್ಟು ಹತ್ತಿರ ನಿಲ್ಲುತ್ತೇವೆ ಎಂದು ಮೊದಲು ಯೋಚಿಸಿದವಳೇ ಅಲ್ಲ. ಅವರ ಉಸಿರು ನನಗೆ, ನನ್ನ ಉಸಿರು ಅವರಿಗೆ. ಈಗ ಹಳೆಯ ಗಿರಾಕಿಗಳ ಮುಖ ಒಂದೊಂದಾಗಿ ಕಣ್ಣಮುಂದೆ ಬರುತ್ತದೆ. ಇವಳು ಕೊಟ್ಟಳೇ, ಇವಳಿಗೆ ನಾನು ಕೊಟ್ಟೆನೇ? ಕೈನೋವು ಎಂದು ಹೇಳಿ ಹೊಲಿಗೆ ಅಂಗಡಿ ಮುಚ್ಚಿದ್ದೇನೆ.

ಲ್ಯಾಬಿನ ಹುಡುಗಿ ಶುಭಶ್ರೀ ನನ್ನ ಕಾಟ ತಡೆಯಲಾರದೆ ಮೈಕ್ರೋಸ್ಕೋಪಿನಲ್ಲಿ ತೋರಿಸಿದಳು. ನನ್ನದೇ ಕಫ. ನೀಲಿ ಬಟ್ಟೆಯ ಮೇಲೆ ಕೆಂಪು ನೂಲಿನ ತುಂಡುಗಳು ಚೆಲ್ಲಿದ ಹಾಗಿತ್ತು. ಬಟ್ಟೆಯ ಮೇಲಿನ ನೂಲಾದರೆ ಕೊಡವಿ ಬಿಡುತ್ತಿದ್ದೆ. ಅಷ್ಟು ಸಪೂರದ್ದು ಇಷ್ಟು ದೊಡ್ಡ ಹೆಂಗಸನ್ನು ಹಿಡಿದು ಕೂರಿಸಿದೆಯಲ್ಲ ಎಂದು ಸಿಟ್ಟು ಬಂತು, ಆದರೆ ಸಿಟ್ಟು ಮಾಡುವುದು ಯಾರ ಮೇಲೆ?

ನಾನು ವೀಡಿಯೊ ಕಾಲ್ ತೆಗೆಯುವುದಿಲ್ಲ ಎಂದು ನಿಮಗೆ ಸಂಶಯ ಬಂದದ್ದು ಗೊತ್ತು. ಹೊಸ ಮಾತ್ರೆಗೆ ಮುಖ ಕರ್ರಗಾಗಿದೆ, ಗಲ್ಲ ಬತ್ತಿದೆ. ನೀವು ನೋಡಿದ ಶಶಿಪ್ರಭಾ ಇವಳಲ್ಲ. ಪಾದ ಮರಗಟ್ಟಿರುವುದರಿಂದ ಮೆಷಿನಿನ ಪೆಡಲ್ ಮೇಲೆ ಕಾಲು ಉಂಟೋ ಇಲ್ಲವೋ ಎಂದು ಬಗ್ಗಿ ನೋಡಬೇಕಾಗುತ್ತದೆ. ಆಶಾ ಕಾರ್ಯಕರ್ತೆ ಶ್ರೀಮತಿ ಅಕ್ಕ ದಿನಾ ಬಂದು, ನಾನು ಮಾತ್ರೆ ನುಂಗುವವರೆಗೆ ಜಗಲಿಯಿಂದ ಏಳುವುದಿಲ್ಲ. ಗುಣವಾಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಆದರೆ ಹೋದ ವಾರದ ಪರೀಕ್ಷೆಯಲ್ಲೂ ಕೆಂಪು ನೂಲು ಹಾಗೆಯೇ ಇದೆ. ಅದು ಹೋಗುವವರೆಗೆ ನಾನು ಯಾರ ಜೊತೆಗೂ ಒಂದೇ ಕೋಣೆಯಲ್ಲಿ ಇರುವ ಹಾಗಿಲ್ಲ.

ಅಕ್ಷಿತಾ ಡ್ಯಾನ್ಸ್ ಕ್ಲಾಸಿಗೆಂದು ಮೂಡುಬಿದಿರೆಯಲ್ಲಿ ಇರುವುದಲ್ಲ. ಅವಳನ್ನು ಮನೆಯಲ್ಲಿ ಇಟ್ಟುಕೊಂಡ ನಿಮ್ಮ ತಂಗಿ ನಿಖಿತಾಳಿಗೆ ಎಲ್ಲ ಗೊತ್ತು. ನಿಮಗೆ ಹೇಳಬಾರದೆಂದು ಆಣೆ ಹಾಕಿಸಿದ್ದೇನೆ, ಅವಳನ್ನು ಬೈಯಬೇಡಿ. ಮಗುವಿನ ಎಕ್ಸ್‌ರೇ ಮಾಡಿಸಿದೆ, ಏನೂ ಇಲ್ಲ. ಒಮ್ಮೆ ತಡೆಯಲಾರದೆ ಮಾಸ್ಕ್ ಹಾಕಿಕೊಂಡು ಹೋಗಿ ಶಾಲೆಯ ಎದುರಿನ ಬಸ್ ಸ್ಟಾಪಿನಲ್ಲಿ ನಿಂತೆ. ದೂರದಿಂದ ನೋಡಿ ಬರುವುದು ಎಂದು ಗಟ್ಟಿ ಮಾಡಿಕೊಂಡಿದ್ದೆ. ಅವಳಿಗೆ ಕಂಡೇ ಬಿಟ್ಟೆ. ಅಮ್ಮಾ ಎನ್ನುತ್ತಾ ಓಡಿ ಬಂದಳು. ನಾನು ಎದುರು ಸಿಕ್ಕಿದ ಬಸ್ ಹತ್ತಿದೆ. ಅದು ನಮ್ಮ ಕಡೆಯದ್ದಲ್ಲ, ಕಾರ್ಕಳಕ್ಕೆ ಹೋಗುವ ಬಸ್. ಅಂದಿನಿಂದ ಮಗಳು ನನ್ನ ಫೋನ್ ತೆಗೆಯುವುದಿಲ್ಲ.

ಅವಳು ಸಣ್ಣವಳು, ಮರೆತಾಳು. ನಿಮ್ಮದು ಹಾಗಲ್ಲ. ನಿಮ್ಮ ರೂಮಿನಲ್ಲಿದ್ದ ಬಾವಾನನ್ನು ನೆನಪು ಮಾಡಿಕೊಳ್ಳಿ. ಅಲ್ಲಿನ ಮೆಡಿಕಲ್ ತಪಾಸಣೆಯ ಎಕ್ಸ್‌ರೇಯಲ್ಲಿ ಕಂಡದ್ದು ಯಾವಾಗಲೋ ಗುಣವಾದ ಒಂದು ಕಲೆ, ಅಷ್ಟಕ್ಕೇ ಅನ್‌ಫಿಟ್ ಮಾಡಿ ಊರಿಗೆ ಕಳಿಸಿದರು. ನನ್ನಿಂದ ನಿಮ್ಮ ಎದೆಯಲ್ಲಿ ಅಂಥ ಒಂದು ಚುಕ್ಕೆ ಬಿದ್ದರೆ ಮೂವರ ಅನ್ನಕ್ಕೂ ಕಲ್ಲು ಬಿದ್ದ ಹಾಗೆ. ಕೆಲಸ ಹೋದರೂ ಹೋಗಲಿ ಎನ್ನುತ್ತೀರಿ, ಗೊತ್ತು. ನನ್ನ ಹಾಗೆ ಕೂತಲ್ಲೇ ಕಾಲು ಮರಗಟ್ಟುವುದು ನಿಮಗೂ ಬರಬೇಕೇ? ಎರಡು ವರ್ಷ ನಿಮ್ಮನ್ನು ನೋಡದೆ ಇದ್ದೆ, ಇನ್ನು ನಾಲ್ಕೈದು ತಿಂಗಳು ಇರುತ್ತೇನೆ.

ಹೇಳಿದರೆ ನೀವು ಎಲ್ಲ ಬಿಟ್ಟು ಹೊರಟು ಬರುವ ಜನ. ಹೇಳದಿದ್ದರೆ, ಇವಳಿಗೆ ನಾನು ಬೇಡವಾದೆ ಎಂದು ಒಳಗೊಳಗೇ ಕೊರಗುವ ಜನ. ಎರಡರ ನಡುವೆ ಸಿಕ್ಕಿಬಿದ್ದು ಕಡೆಗೆ ಬರೆಯುತ್ತಿದ್ದೇನೆ. ನೀವು ನನಗೆ ಬೇಕು. ಅದಕ್ಕೇ ಬರಬೇಡಿ.

ಇಂತಿ, ನಿಮಗೆ ಸುಳ್ಳು ಹೇಳಿ ಸೋತ
ಶಶಿ

ತಾ.ಕ.: ಕಾಗದ ಮಡಚಿ ಇಟ್ಟಿದ್ದೆ. ಇದಿನಬ್ಬರು ಬಂದು ಅಂಗಳದಲ್ಲೇ ನಿಂತು ನಕ್ಕರು. "ಇದನ್ನು ನಾನು ಅಲ್ಲಿಗೆ ತಕೊಂಡು ಹೋಗುವುದು ಯಾಕೆ ಅಕ್ಕ, ನಾಳೆ ಬೆಳಿಗ್ಗೆ ನಿಮ್ಮ ಕಮಲಾಕ್ಷನೇ ಮಂಗಳೂರಲ್ಲಿ ಇಳೀತಾನೆ. ನಿಮಗೆ ಹೇಳ್ಬಾರ್ದು ಅಂತ ಹೇಳಿದ್ದ, ನನ್ನ ಬಾಯಿ ನಿಲ್ಲುದಿಲ್ಲ ನೋಡಿ" ಎಂದರು. ಅವರಿಗೂ ಎಲ್ಲ ಹೇಳಬೇಕಾಯಿತು. ಏರ್‌ಪೋರ್ಟಿನಿಂದ ಕರೆತರುವಾಗ ಗುರುಪುರ ಕೈಕಂಬದಲ್ಲಿ ಕಾರು ನಿಲ್ಲಿಸಿ ಇದನ್ನು ನಿಮಗೆ ಕೊಡುತ್ತಾರೆ. ಓದಿ ಮುಗಿಸಿ, ಅಲ್ಲಿಂದ ಮೂಡುಬಿದಿರೆ ರಸ್ತೆಗೆ ತಿರುಗಿಸಲು ಹೇಳಿ. ಮಗಳನ್ನು ಎತ್ತಿಕೊಳ್ಳಿ, ನನ್ನ ಪಾಲಿನದ್ದನ್ನೂ ಸೇರಿಸಿ. ಈ ಕಡೆ ಬರಬೇಡಿ. ನೀವು ಹೊರಗೆ ನಿಂತು ಕರೆದರೆ ಬಾಗಿಲು ತೆಗೆಯದೆ ಇರುವ ಶಕ್ತಿ ನನಗಿಲ್ಲ. ಅದಕ್ಕೆ ಶ್ರೀಮತಿ ಅಕ್ಕನ ಕೈಯಲ್ಲಿ ಹೊರಗಿನಿಂದ ಬೀಗ ಹಾಕಿಸಿಕೊಂಡಿದ್ದೇನೆ. ಬೀಗದ ಕೈ ಅವರ ಹತ್ತಿರವೇ ಉಂಟು. ನಾನು ಎಷ್ಟು ಕೂಗಿದರೂ ಕೊಡಬಾರದೆಂದು ಹೇಳಿದ್ದೇನೆ.