ಹೊಳೆದಂಡೆಯ ಪಾಲು

ಹೊನ್ನಾಳಿ, 1982ರ ಕಾರ್ತಿಕ

ತಮ್ಮಾ ಹಾಲೇಶ,

ತೀರಿಕೊಂಡವನಿಗೆ ಕಾಗದ ಬರೆಯುವುದನ್ನು ಕಂಡರೆ ಅವ್ವ ಬೈಯುತ್ತಾಳೆ. ಆದರೂ ಈ ಸುದ್ದಿಯನ್ನು ನಿನಗೇ ಹೇಳಬೇಕು.

ಹೊಳೆ ನುಂಗಿದ್ದ ನಿನ್ನ ಹೊಲ ತಿರುಗಿ ಬಂದಿದೆ. ನಾವು ಪಾಲಾದ ಮೇಲೆ ಪ್ರತಿ ಮಳೆಗಾಲವೂ ತಿರುವಿನ ನೀರು ನಮ್ಮ ದಂಡೆಯನ್ನು ಕೊರೆದು, ಆ ಮಣ್ಣನ್ನು ದೂರ ಒಯ್ದು ಹಾಕುತ್ತಿತ್ತು. ಕಡೆಗೆ ಒಂದು ಸಾಲೂ ಉಳಿಯದೆ ನೀನು ಹೆಂಡತಿಯ ತವರು ಬಿಳಿಚೋಡಿಗೆ ಹೊರಟೆ. ನೀನು ಬಸ್ಸು ಹತ್ತುವಾಗ ನಾನು ನನ್ನ ಪಾಲಿನ ಮೇಲಿನ ಹೊಲದಲ್ಲಿ ಜೋಳ ಕೊಯ್ಯುತ್ತಿದ್ದೆ.

ಈ ವರ್ಷದ ನೆರೆಗೆ ಮೇಲುಗಡೆಯ ಮರಳುದಿಬ್ಬ ಒಡೆದು, ಸೆಳವು ಆಚೆ ದಂಡೆಗೆ ಸರಿಯಿತು. ನಮ್ಮ ಕಡೆ ನೀರು ನಿಧಾನವಾಗಿ, ನಿನ್ನ ಹೊಲವಿದ್ದಲ್ಲೇ ಕಪ್ಪು ಮೆಕ್ಕಲು ಕೂತಿದೆ.

ಹೋದ ವಾರ ತವರಿಂದ ಶಾಂತಾಳನ್ನು ಕರೆಸಿದೆ. ನಿನ್ನ ಹೆಂಡತಿ ಒಂದು ಹಿಡಿ ಮಣ್ಣೆತ್ತಿ ಹಿಸುಕಿ ನೋಡಿದಳು.

"ಭಾವ, ಹೊಳೆ ಇದನ್ನ ಮತ್ತೆ ತಗೊಂಡು ಹೋಗಂಗಿಲ್ಲೇನ್ರಿ?"

"ಹೋಗಬೌದು. ಅದಕ್ಕೇ ಇದು ನಂಗಿರ್ಲಿ. ಮ್ಯಾಲಿನ ಹೊಲ ನಿಂದು."

"ಅದು ನಿಮ್ಮ ಪಾಲಲ್ಲೇನ್ರಿ?"

"ಹಿರಿಯ ಅಂತ ಅವತ್ತು ನಾನೇ ಮೊದ್ಲು ಆರಿಸ್ಕೊಂಡೆ. ಈಗ್ಲೂ ನಾನೇ ಆರಿಸ್ತೀನಿ."

 ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಲಿನ ಹೊಲದ ದಿಣ್ಣೆ ಹತ್ತಿದಳು.

ಇವತ್ತು ನೀರಂಚಿಗೆ ಲಕ್ಕಿ ಗಿಡ, ಬಿದಿರು ನೆಡಲು ಶುರುಮಾಡಿದ್ದೇನೆ. ಬೇರು ಹಿಡಿದರೆ ಮಣ್ಣು ನಿಲ್ಲುತ್ತದೆ. ಹೊಳೆ ಕಿತ್ತುಕೊಂಡು ಹೋದರೆ ಮತ್ತೆ ನೆಡುತ್ತೇನೆ. ತಲೆಯೆತ್ತಿದರೆ ನಿನ್ನ ಮಗಳು ತಾಯಿಯ ಜೊತೆ ಕಡಲೆ ಬಿತ್ತುತ್ತಿರುವುದು ಇಲ್ಲಿಂದಲೇ ಕಾಣುತ್ತದೆ.

ನಿನ್ನ ಅಣ್ಣ,
ಮಲ್ಲಿಕಾರ್ಜುನಪ್ಪ